ದಿನಕರಣ್ಣನ ಎಡಗಡೆ

ದಿನಕರಣ್ಣ ಚಪ್ಪಾಳೆ ತಟ್ಟುತ್ತಿರಲಿಲ್ಲ. ಬರ್ಮಿಂಗ್‌ಹ್ಯಾಮ್ ಸುತ್ತಮುತ್ತಲಿನ ಕನ್ನಡಿಗರು ಬಾಡಿಗೆಯ ಸಭಾಂಗಣದಲ್ಲಿ ರಾಜ್ಯೋತ್ಸವ ನಡೆಸುವಾಗ, ಮಕ್ಕಳು ನೃತ್ಯ ಮುಗಿಸಿ ಕೈಮುಗಿದು ನಿಂತಾಗ, ಇಡೀ ಸಭೆ ಚಪ್ಪಾಳೆ ಹೊಡೆಯುತ್ತಿದ್ದರೆ ಅವರು ಬಾಗಿಲ ಬಳಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿರುತ್ತಿದ್ದರು. ನೋಟ ವೇದಿಕೆಯ ಮೇಲಿರುತ್ತಿರಲಿಲ್ಲ. ನೆಲದಲ್ಲಿ ಹರಿದಿದ್ದ ಮೈಕಿನ ವೈರು, ಅದರ ಮೇಲೆ ಹಾದುಹೋಗುವ ಸಣ್ಣ ಮಕ್ಕಳು, ಚಹಾದ ಬಿಸಿ ಡ್ರಮ್ಮು, ಇವುಗಳ ಮೇಲೆ ಇರುತ್ತಿತ್ತು. ಗೊತ್ತಿಲ್ಲದವರು ಇದನ್ನು ಗರ್ವ ಎಂದುಕೊಂಡರು. ಪರಿಚಯವಾದ ಹೊಸತರಲ್ಲಿ ನಾನೂ ಹಾಗೆಯೇ ತಿಳಿದಿದ್ದೆ. ಒಮ್ಮೆ ನೇರವಾಗಿ ಕೇಳಿದೆ.

"ಗರ್ವ ಎಂತದ್ದು ಮಾರಾಯ್ರೇ, ಅಭ್ಯಾಸ," ಅಂದರು. "ಬಾವುಟ ಹಿಡಿದವ ಚಪ್ಪಾಳೆ ಹೊಡೆದ್ರೆ ಬಾವುಟ ಯಾರು ಹಿಡಿಯೋದು?"

ಅವರು ಈ ವರ್ಷ ಫೆಬ್ರವರಿಯಲ್ಲಿ, ಸಟನ್ ಕೋಲ್ಡ್‌ಫೀಲ್ಡ್‌ನ ತಮ್ಮ ಮನೆಯಲ್ಲಿ, ಬೆಳಗಿನ ಕಾಫಿ ಕುಡಿದಾದ ಮೇಲೆ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು ಎಪ್ಪತ್ತಾರು. ಉಡುಪಿಯ ಹತ್ತಿರ ಕಾಪುವಿನವರು. ಉಪಕರಣ ತಯಾರಿಕೆಯ ತರಬೇತಿ ಪಡೆದು, ಯೌವನದಲ್ಲೇ ಆಸ್ಟ್ರೇಲಿಯಾಕ್ಕೆ ಹೋಗಿ ಮೆಲ್ಬರ್ನ್‌ನಲ್ಲಿ ಕಾರಿನ ಬಿಡಿಭಾಗಗಳ ಕಾರ್ಖಾನೆ ಸೇರಿದರು. ಮದುವೆಯಾದದ್ದು, ಮಗಳು ಹುಟ್ಟಿದ್ದು ಅಲ್ಲಿ ಇದ್ದ ಕಾಲದಲ್ಲಿ. ಕೊನೆಗೆ ಕಂಪನಿ ಬರ್ಮಿಂಗ್‌ಹ್ಯಾಮ್‌ಗೆ ಕಳಿಸಿತು, ಇಲ್ಲೇ ನಿವೃತ್ತರಾದರು. ಇಷ್ಟು ಅವರ ಜೀವನಚರಿತ್ರೆ. ಆದರೆ ಯಾರಾದರೂ "ನೀವು ಏನು ಮಾಡಿಕೊಂಡಿದ್ದಿರಿ?" ಎಂದು ಕೇಳಿದರೆ ಕಾರ್ಖಾನೆಯ ಹೆಸರು ಬರುತ್ತಿರಲಿಲ್ಲ. "ಬಾವುಟ ಹಿಡಿತಿದ್ದೆ" ಎನ್ನುತ್ತಿದ್ದರು.

ಮೆಲ್ಬರ್ನ್‌ನಲ್ಲಿ ರಜೆಯ ದಿನಗಳಲ್ಲಿ ಅವರು ಟೂರಿಂಗ್ ಕಾರು ರೇಸುಗಳಿಗೆ ಸ್ವಯಂಸೇವಕರಾಗಿ ಹೋಗುತ್ತಿದ್ದರು. ರಸ್ತೆಯ ತಿರುವಿನಲ್ಲಿ ನಿಂತು, ಮುಂದೆ ಅಪಾಯವಿದ್ದರೆ ಬರುವ ಕಾರುಗಳಿಗೆ ಹಳದಿ ಬಾವುಟ ಬೀಸುವುದು ಅವರ ಕೆಲಸ. ಸಂಬಳ ಇಲ್ಲ, ಒಂದು ಪೊಟ್ಟಣ ಊಟ, ಒಂದು ಟೋಪಿ. ಬಾವುಟ ಹಿಡಿದವನು ಯಾರ ಪರವಾಗಿಯೂ ಕೂಗಬಾರದು, ಕುಣಿಯಬಾರದು, ಕಣ್ಣು ಆಚೀಚೆ ಮಾಡಬಾರದು.

ಭಾನುವಾರ ಮಧ್ಯಾಹ್ನ ಅವರ ಮನೆಗೆ ಹೋದರೆ ಗೋಳಿಬಜೆ, ಚಟ್ನಿ, ಜೊತೆಗೆ ಹಳೆಯ ವಿಡಿಯೋ ಕ್ಯಾಸೆಟ್. ಆ ಯಂತ್ರ ರಿಪೇರಿ ಮಾಡುವವರು ಇಡೀ ಮಿಡ್‌ಲ್ಯಾಂಡ್ಸ್‌ನಲ್ಲಿ ಸಿಗುವುದಿಲ್ಲವೆಂದು ಅವರೇ ಬಿಚ್ಚಿ ಸರಿಮಾಡಿ ಇಟ್ಟುಕೊಂಡಿದ್ದರು. ಪರದೆಯ ಮೇಲೆ ಬ್ಯಾಥರ್ಸ್ಟ್ ಎಂಬ ಊರಿನ ಬೆಟ್ಟದ ರಸ್ತೆ. ವರ್ಷದ ಉಳಿದ ದಿನಗಳಲ್ಲಿ ಜನ ಹಾಲು, ತರಕಾರಿ ತರಲು ಓಡಾಡುವ ರಸ್ತೆಯೇ ಅದು. ರೇಸಿನ ದಿನ ಅದರ ಮೇಲೆ ನಾಲ್ಕು ಬಾಗಿಲಿನ, ಮನೆಮಂದಿ ಕೂರುವ ಕಾರುಗಳು ಒಂದರ ಬಾಲಕ್ಕೊಂದು ಅಂಟಿಕೊಂಡು ಗರ್ಜಿಸುತ್ತ ಏರುತ್ತಿದ್ದವು. ನಮ್ಮ ಕಣ್ಣು ಕಾರುಗಳ ಹಿಂದೆ ಓಡುವಾಗ ಅವರು ಗದರುತ್ತಿದ್ದರು.

"ಕಾರು ನೋಡಬೇಡಿ, ಮೂಲೆ ನೋಡಿ. ಅಗೋ, ಅಗೋ! ಬಾವುಟದ ಕೆಳಗೆ, ಅದು ನನ್ನ ಮೊಣಕೈ."

ಅಡುಗೆಮನೆಯಿಂದ ಅವರ ಹೆಂಡತಿ ಸುಮತಿಯಕ್ಕನ ದನಿ ಬರುತ್ತಿತ್ತು. "ಸುಳ್ಳು. ಅದು ಇವರ ಜೊತೆ ಬಾವುಟ ಹಿಡಿತಿದ್ದ ಆ ಗ್ರೀಕಿನವನ ಮೊಣಕೈ. ಇವರು ಆವತ್ತು ಜ್ವರ ಬಂದು ಮಲಗಿದ್ರು."

"ಜ್ವರ ಬಂದದ್ದು ಅದರ ಹಿಂದಿನ ವರ್ಷ!"

"ಮೊಣಕೈಗೇ ಇಷ್ಟು ಜಂಬ. ಮುಖ ಕಂಡಿದ್ರೆ ನಮ್ಮ ಜೊತೆ ಮಾತಾಡ್ತಿರ್ಲಿಲ್ಲ ನೀವು."

ಆ ಕಾಲದ ಆಸ್ಟ್ರೇಲಿಯಾದಲ್ಲಿ ಎರಡು ದೊಡ್ಡ ಕಾರು ಕಂಪನಿಗಳಿದ್ದವು, ಜನರೂ ಎರಡು ಪಾಳೆಯವಾಗಿ ಒಡೆದಿದ್ದರು. ಅವರ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಒಂದು ಪಾಳೆಯದವರ ಮೇಜಿನಲ್ಲಿ ಇನ್ನೊಂದು ಪಾಳೆಯದವರು ಕೂರುತ್ತಿರಲಿಲ್ಲವಂತೆ. "ನಮ್ಮ ಕಂಬಳದಲ್ಲಿ ಕೋಣಗಳ ಯಜಮಾನರ ಕಡೆಯವರು ಇಲ್ವಾ, ಹಾಗೇ. ಕೋಣ ಓಡಿ ಸುಸ್ತಾಗಿ ಹೋಗಿ ಮಲಗ್ತದೆ, ಇವರ ಜಗಳ ವರ್ಷಪೂರ್ತಿ," ಎಂದು ವಿವರಿಸುತ್ತಿದ್ದರು. ತಮ್ಮ ಪಾಳೆಯ ಯಾವುದೆಂದು ಮಾತ್ರ ಹೇಳುತ್ತಿರಲಿಲ್ಲ. ಬಾವುಟ ಹಿಡಿದವನಿಗೆ ಪಾಳೆಯ ಇಲ್ಲ ಎನ್ನುತ್ತಿದ್ದರು.

"ಗ್ಯಾರೇಜು ನೋಡಿ, ಗೊತ್ತಾಗ್ತದೆ," ಎನ್ನುತ್ತಿದ್ದರು ಸುಮತಿಯಕ್ಕ. ಗ್ಯಾರೇಜಿನಲ್ಲಿ ಎಂಟು ಸಿಲಿಂಡರಿನ, ಹಳದಿ ಬಣ್ಣದ ಉದ್ದನೆಯ ಕಾರೊಂದಿತ್ತು. ದೇಶ ಬಿಡುವಾಗ ಮೇಜು, ಕುರ್ಚಿ, ಮಂಚ ಎಲ್ಲವನ್ನೂ ಬಿಟ್ಟು ಇದೊಂದನ್ನು ಹಡಗಿಗೆ ಹಾಕಿಸಿಕೊಂಡು ಬಂದಿದ್ದರು. ವಾರದ ದಿನಗಳಲ್ಲಿ ಅದಕ್ಕೆ ವಿಶ್ರಾಂತಿ. ಶನಿವಾರ ಬೆಳಿಗ್ಗೆ ಟಿವಿಡೇಲ್‌ನ ದೇವಸ್ಥಾನಕ್ಕೆ ಸವಾರಿ.

ನಾನು ಪತ್ರಿಕೆಯಲ್ಲಿ ಕೆಲಸ ಮಾಡುತ್ತಿದ್ದಾಗ 'ಚಿನ್ನದ ಕಾಲ' ಎಂಬ ಮಾತು ವರದಿಯಲ್ಲಿ ಬಂದರೆ ನಮ್ಮ ಡೆಸ್ಕಿನಲ್ಲಿ ಹೊಡೆದುಹಾಕುತ್ತಿದ್ದೆವು. ಮನುಷ್ಯನಿಗೆ ತನ್ನ ಮೂವತ್ತನೆಯ ವಯಸ್ಸೇ ಚಿನ್ನದ ಕಾಲವಾಗಿ ಕಾಣುತ್ತದೆ. ಇದನ್ನು ದಿನಕರಣ್ಣನ ಮುಂದೆ ಹೇಳಿದಾಗ ಅವರು ವಾದಕ್ಕೆ ಇಳಿಯಲಿಲ್ಲ.

"ಚಿನ್ನ ಅಲ್ಲ, ಕಬ್ಬಿಣವೇ," ಅಂದರು. "ಬ್ರೇಕು ಕೆಂಪಾಗಿ ಕಾಯ್ತಿತ್ತು. ಒಳಗೆ ಕೂತವ ಬೆಂದು ಹೋಗ್ತಿದ್ದ. ಗೋಡೆಗೆ ಹೊಡೆದ್ರೆ ಗೋಡೆಯೇ, ಎಂತ ರಕ್ಷಣೆಯೂ ಇರ್ಲಿಲ್ಲ. ಸತ್ತವರೂ ಇದ್ದಾರೆ ಪೇಪರಿನವರೇ, ನಾನು ಅದನ್ನು ಮರೆತು ಮಾತಾಡ್ತಿಲ್ಲ. ಆದ್ರೆ ಗೆದ್ದ ಕಾರು ಯಾವುದು ಗೊತ್ತುಂಟಾ? ನಮ್ಮ ಪಕ್ಕದ ಮನೆಯವ ಕೆಲಸಕ್ಕೆ ಹೋಗುವ ಕಾರು. ಅದರ ಬಾಗಿಲಿನ ಹಿಡಿಕೆ ಮಾಡಿದವ ನನ್ನ ಪಕ್ಕದಲ್ಲಿ ಕೂತು ಊಟ ಮಾಡ್ತಿದ್ದ. ಈಗ ಆ ಕಾರ್ಖಾನೆಗಳೇ ಇಲ್ಲ. ಎರಡೂ ಪಾಳೆಯ ಬಾಗಿಲು ಹಾಕಿತು. ಇನ್ನು ಜಗಳ ಎಂತಕ್ಕೆ?"

ಮತ್ತೊಂದು ಮಾತು ಸೇರಿಸಿದರು. ಒಮ್ಮೆ ತಿರುವಿನಾಚೆ ಎಣ್ಣೆ ಚೆಲ್ಲಿತ್ತು. ಇವರು ಬಾವುಟ ಬೀಸಿದರು. ಮುಂಚೂಣಿಯಲ್ಲಿದ್ದವನು ವೇಗ ತಗ್ಗಿಸಿ, ಹಾದುಹೋಗುವಾಗ ಸ್ಟೀರಿಂಗಿನಿಂದ ಒಂದು ಬೆರಳು ಎತ್ತಿದ. "ಕಂಡೆ, ಥ್ಯಾಂಕ್ಸ್ ಅಂತ. ಒಂದೇ ಬೆರಳು. ಅವ ನನ್ನ ಮಾತು ಕೇಳಿದ್ದ. ಕಪ್ಪು ಮನುಷ್ಯನ ಮಾತು ಕಾರ್ಖಾನೆಯಲ್ಲಿ ಯಾರೂ ಕೇಳ್ತಿರ್ಲಿಲ್ಲ. ಆ ತಿರುವಿನಲ್ಲಿ ಎಲ್ಲರೂ ಕೇಳ್ತಿದ್ರು."

ಅವರ ಕಾರಿನಲ್ಲಿ ನಾನು ಎಷ್ಟೋ ಸಲ ಹಿಂದಿನ ಸೀಟಿನಲ್ಲಿ ಕೂತು ಟಿವಿಡೇಲ್‌ಗೆ ಹೋಗಿದ್ದೇನೆ. ಮುಂದೆ ಎಡಕ್ಕೆ ಸುಮತಿಯಕ್ಕ. ದಾರಿಯುದ್ದಕ್ಕೂ ಅವರ ಬಾಯಿ ನಿಲ್ಲುತ್ತಿರಲಿಲ್ಲ. "ಎಡಗಡೆ ಸೈಕಲ್." "ಎಡಗಡೆ ಬಸ್ಸು ಹೊರಡ್ತಾ ಉಂಟು." "ಎಡಗಡೆ ನಾಯಿ ಹಿಡ್ಕೊಂಡ ಅಜ್ಜಿ." ದಿನಕರಣ್ಣ "ಹ್ಞೂಂ, ಹ್ಞೂಂ" ಎನ್ನುತ್ತ ಓಡಿಸುತ್ತಿದ್ದರು. ಗಂಡನ ಚಾಲನೆಯ ಮೇಲೆ ನಂಬಿಕೆಯಿಲ್ಲದ ಹೆಂಡತಿಯರು ಲೋಕದಲ್ಲಿ ಬೇಕಾದಷ್ಟು ಜನರಿದ್ದಾರೆ. ಇದನ್ನೂ ಆ ಲೆಕ್ಕಕ್ಕೇ ಸೇರಿಸಿದ್ದೆ.

ಕಳೆದ ಬೇಸಿಗೆಯ ಒಂದು ಶನಿವಾರ ಸುಮತಿಯಕ್ಕನ ಕೈಯಲ್ಲಿ ದೊಡ್ಡ ಬುಟ್ಟಿ ತುಂಬ ಹೂವಿನ ಹಾರವಿತ್ತು. ಹಿಂದಿನ ಸೀಟಿನಲ್ಲಿ ಹರಡಿಕೊಂಡು ಕೂತರೆ ಹೂವು ಬಾಡುವುದಿಲ್ಲ ಎಂದರು. "ನೀವು ಯಾವಾಗಲೂ ಹಿಂದೆಯೇ ಕೂರೋದು, ಇವತ್ತೊಂದಿನ ಮುಂದೆ ಕೂತ್ಕೊಳ್ಳಿ, ಉದ್ದ ಕಾಲಿನವರು" ಎಂದು ನನ್ನನ್ನು ಮುಂದೆ ಕೂರಿಸಿದರು. ದಾರಿಯಲ್ಲಿ ಹಿಂದಿನಿಂದಲೇ ಕತ್ತು ಚಾಚಿ ಒಂದೆರಡು ಸಲ "ಎಡಗಡೆ" ಎಂದರು. ನನ್ನ ತಲೆ, ಸೀಟಿನ ದಿಂಬು ಅವರಿಗೆ ಅಡ್ಡವಾಗಿತ್ತೆಂದು ನನಗೆ ಆಗ ಹೊಳೆಯಲಿಲ್ಲ.

ದೇವಸ್ಥಾನದ ಪಾರ್ಕಿಂಗ್‌ನಲ್ಲಿ ಹಳದಿ ಜಾಕೆಟ್ ತೊಟ್ಟ ಸ್ವಯಂಸೇವಕನೊಬ್ಬ ಎಡಬದಿಯಲ್ಲಿ ನಿಂತು, ನಿಲ್ಲಿಸಿ ಎಂದು ಕೈ ಎತ್ತಿದ. ಮಗುವಿನ ತಳ್ಳುಗಾಡಿಯೊಂದಿಗೆ ಒಬ್ಬ ತಾಯಿ ದಾಟಲು ಹೆಜ್ಜೆಯಿಟ್ಟಿದ್ದಳು. ಕಾರು ನಿಧಾನವಾಗಿಯೇ ಹೋಗುತ್ತಿತ್ತು, ಆದರೆ ನಿಲ್ಲಲಿಲ್ಲ. ಆ ಹುಡುಗ ಓಡಿಬಂದು ಬಾನೆಟ್ಟಿಗೆ ಅಂಗೈಯಿಂದ ಬಡಿದ. ಸುಮತಿಯಕ್ಕ ಹಿಂದಿನಿಂದ ಚೀರಿದರು. ಬ್ರೇಕು ಬಿತ್ತು. ತಳ್ಳುಗಾಡಿಗೂ ಬಂಪರಿಗೂ ನಡುವೆ ಒಂದು ಗೇಣು ಇತ್ತು. ಒಳಗಿನ ಮಗು ನಿದ್ದೆಯಲ್ಲಿತ್ತು. ತಾಯಿ ಬಗ್ಗಿ ಅದರ ಮುಖ ನೋಡಿ, ನಮ್ಮ ಕಡೆ ನೋಡದೆ ಹೊರಟುಹೋದಳು.

ದಿನಕರಣ್ಣ ಎಂಜಿನ್ ಆರಿಸಿ ಕೆಳಗಿಳಿದರು.

"ಅಂಕಲ್, ನಾನು ಕೈ ತೋರಿಸ್ತಾನೇ ಇದ್ನಲ್ಲ, ನೋಡ್ಲಿಲ್ವಾ?" ಅಂದ ಹುಡುಗ. ಬೆಂಗಳೂರಿನವನು.

"ಇಲ್ಲ. ಕಾಣಲಿಲ್ಲ."

"ಸರಿ ಬಿಡಿ ಅಂಕಲ್, ಏನೂ ಆಗ್ಲಿಲ್ವಲ್ಲ, ಪರವಾಗಿಲ್ಲ. ಆ ಕೊನೇಲಿ ಪಾರ್ಕ್ ಮಾಡಿ."

"ಪರವಾಗಿಲ್ಲ ಅನ್ನಬೇಡ ಮಗ." ಅಂದರು ದಿನಕರಣ್ಣ. "ನೀನು ತೋರಿಸಿದ್ದಿ. ನಾನು ನಿಲ್ಲಲಿಲ್ಲ. ಇವತ್ತು ಪರವಾಗಿಲ್ಲ ಅಂದ್ರೆ ನಾಳೆ ನಿನ್ನ ಕೈಗೆ ಯಾರೂ ಬೆಲೆ ಕೊಡೋದಿಲ್ಲ. ಬೈಯಿ ನನ್ನನ್ನು."

ಹುಡುಗ ಗಲಿಬಿಲಿಯಾಗಿ ನನ್ನ ಮುಖ ನೋಡಿದ. "ಅಂಕಲ್, ಹಿಂದೆ ಕ್ಯೂ ಆಗ್ತಿದೆ..." ಎಂದಷ್ಟೇ ಹೇಳಿದ.

ದಿನಕರಣ್ಣ ಕೀಲಿಕೈಯನ್ನು ನನ್ನ ಕೈಗಿಟ್ಟು, ಬರಿಗೈಯಲ್ಲಿ ನಡೆದು ಹೋಗಿ ಚಪ್ಪಲಿ ಬಿಡುವ ಜಾಗದಲ್ಲಿ ಕುಳಿತರು. ಒಳಗೆ ಬರಲಿಲ್ಲ. ನನಗೆ ಕಾರು ಓಡಿಸಲು ಬಾರದು; ಆ ಹುಡುಗನೇ ಅದನ್ನು ಕೊನೆಯಲ್ಲಿ ನಿಲ್ಲಿಸಿಕೊಟ್ಟ, ನಾವು ಮನೆಗೆ ಟ್ಯಾಕ್ಸಿಯಲ್ಲಿ ಮರಳಿದೆವು. ಮರುದಿನ ಶೆಫೀಲ್ಡ್‌ನಿಂದ ಮಗಳು ಅನಿತಾ ಬಂದು ಕಾರನ್ನು ಮನೆಗೆ ತಂದಳು. ಅವಳು ಅಲ್ಲಿ ಡಾಕ್ಟರು.

ಗಂಡಹೆಂಡಿರ ಜಗಳ ಯಾವಾಗಲೂ ತುಳುವಿನಲ್ಲಿ. ಟ್ಯಾಕ್ಸಿ ಇಳಿದು ಒಳಗೆ ಬಂದ ಆ ದಿನ ಮಾತ್ರ ಇಬ್ಬರೂ ಕನ್ನಡದಲ್ಲಿ ಆಡಿದರು, ನನ್ನನ್ನು ಸಾಕ್ಷಿಗೆ ಕೂರಿಸಿಕೊಂಡ ಹಾಗೆ. ದಿನಕರಣ್ಣನಿಗೆ ಗ್ಲಾಕೋಮಾ ಇತ್ತು. ಎಡಬದಿಯ ನೋಟ ಬಹಳ ದಿನಗಳಿಂದ ಸವೆಯುತ್ತ ಬಂದಿತ್ತು. ಎಷ್ಟೆಂದು ಅವರಿಗೇ ಪೂರ್ತಿ ಗೊತ್ತಾಗಿರಲಿಲ್ಲ, ಯಾಕೆಂದರೆ ಸುಮತಿಯಕ್ಕ ಗೊತ್ತಾಗಲು ಬಿಟ್ಟಿರಲಿಲ್ಲ. ನೀರಿನ ಲೋಟವನ್ನು ಬಲಕ್ಕೆ ಇಡುತ್ತಿದ್ದರು. ಅಂಗಡಿಯಲ್ಲಿ ಎಡಕ್ಕೆ ನಡೆಯುತ್ತಿದ್ದರು. ಕಾರಿನಲ್ಲಿ ಎಡಕ್ಕೆ ಕೂತು ಎಲ್ಲವನ್ನೂ ಹೇಳುತ್ತಿದ್ದರು.

"ಇವರನ್ನು ಮುಂದೆ ಕೂರಿಸಿದ್ದು ನನ್ನ ತಪ್ಪು," ಅಂದರು ಸುಮತಿಯಕ್ಕ, ನನ್ನ ಕಡೆ ತೋರಿಸಿ. "ಹೂವು ಬಾಡಿದ್ರೆ ಬಾಡ್ತಿತ್ತು. ಇನ್ನು ಮುಂದೆ ದೇವರೇ ಬಂದ್ರೂ ಆ ಸೀಟು ಕೊಡೋದಿಲ್ಲ. ಇಷ್ಟು ದಿನ ನಾನು ನೋಡ್ಲಿಲ್ವಾ ಎಡಗಡೆ? ಇನ್ನೂ ನೋಡ್ತೇನೆ."

"ಸುಮತಿ, ಎಡಗಡೆ ನಿನಗೆ ಕಾಣ್ತದೆ. ಬ್ರೇಕು ನನ್ನ ಕಾಲಲ್ಲಿ ಉಂಟು. ನಿನ್ನ ಬಾಯಿಂದ ನನ್ನ ಕಾಲಿಗೆ ಬರುವಷ್ಟರಲ್ಲಿ ಆ ಮಗು ಎಲ್ಲಿರ್ತದೆ?"

"ಕಾರು ಬಿಟ್ಟು ಎಂತ ಮಾಡ್ತೀರಿ? ಹೇಳಿ. ವಾರವಿಡೀ ಶನಿವಾರಕ್ಕೆ ಕಾಯುವವರು ನೀವು. ಗೋಡೆ ನೋಡ್ಕೊಂಡು ಕೂರ್ತೀರಾ? ಆಮೇಲೆ ನಾನು ನಿಮ್ಮನ್ನು ಹೇಗೆ ನೋಡ್ಲಿ?"

ಸುಮತಿಯಕ್ಕ ಅಳುತ್ತ ಒಳಗೆ ಹೋದರು. ದಿನಕರಣ್ಣ ನನಗೆ, "ಬಾವುಟ ಕಾಣದವ ರಸ್ತೆಯಲ್ಲಿ ಇರಬಾರದು. ಬೇರೆಯವನಿಗಾದ್ರೆ ಇಷ್ಟು ಹೊತ್ತಿಗೆ ನಾನೇ ಹೇಳಿರ್ತಿದ್ದೆ," ಎಂದರು. ಅನಿತಾ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದಳು. ಪರೀಕ್ಷೆ ಆಯಿತು. ಲೈಸೆನ್ಸನ್ನು ಯಾರೂ ಕೇಳುವ ಮೊದಲೇ ಅಂಚೆಯಲ್ಲಿ ಹಿಂದಿರುಗಿಸಿದರು.

ಅನಿತಾ, "ಅಪ್ಪ, ಜಸ್ಟ್ ಕೀಪ್ ಇಟ್ ಇನ್ ದ ಗ್ಯಾರೇಜ್," ಎಂದು ಎಷ್ಟೋ ಹೇಳಿದಳು. ಅವರು ಒಪ್ಪಲಿಲ್ಲ. ಓಡದೆ ನಿಂತರೆ ಎಂಜಿನ್ ಸಾಯುತ್ತದೆ ಎಂದರು. ಅಕ್ಟೋಬರಿನಲ್ಲಿ ಲೀಡ್ಸ್‌ನಿಂದ ಒಬ್ಬರು ಕೊಳ್ಳಲು ಬಂದರು. ಆಸ್ಟ್ರೇಲಿಯಾದಲ್ಲಿ ಹುಟ್ಟಿದವರು, ಇಲ್ಲಿ ಕೊಳಾಯಿ ಕೆಲಸದ ಗುತ್ತಿಗೆದಾರರು. ಕಾರಿನ ಸುತ್ತ ಒಂದು ಸುತ್ತು ಬಂದು, ತಮ್ಮ ಅಪ್ಪ ಕಟ್ಟಾ ಎದುರು ಪಾಳೆಯದವನೆಂದೂ, ಮಗ ಈ ಕಾರು ಕೊಂಡನೆಂದು ತಿಳಿದರೆ ಗೋರಿಯಿಂದ ಎದ್ದು ಬರುತ್ತಾನೆಂದೂ ಹೇಳಿದರು. ದಿನಕರಣ್ಣ ಬಹಳ ದಿನಗಳ ಮೇಲೆ ಗಟ್ಟಿಯಾಗಿ ನಕ್ಕರು. ಅವತ್ತು ಅವರನ್ನು ನೋಡಿದ್ದೇ ನನಗೆ ಕೊನೆ. ಆಮೇಲೆ ಫೋನಿನಲ್ಲಿ ಮಾತಾಡಿದ್ದಷ್ಟೇ.

ಆ ಮನುಷ್ಯ ಕಾರು ಏರಿಸಿಕೊಂಡು ಹೋಗಲು ಟ್ರೇಲರ್ ತಂದಿದ್ದರು. ದಿನಕರಣ್ಣ ಒಂದೇ ಒಂದು ಬೇಡಿಕೆ ಇಟ್ಟರು. ಮನೆಯ ಮುಂದೆ ಕಟ್ಟಿ ಹೇರುವುದು ಬೇಡ. ದೊಡ್ಡ ರಸ್ತೆಯ ಪೆಟ್ರೋಲ್ ಬಂಕಿನವರೆಗೆ ಓಡಿಸಿಕೊಂಡು ಹೋಗಿ ಅಲ್ಲಿ ಹೇರಿ. ಅವರು ಮರುಮಾತಿಲ್ಲದೆ ಒಪ್ಪಿ, ಜೊತೆಗಾರನ ಕೈಯಲ್ಲಿ ಟ್ರೇಲರನ್ನು ಮುಂದೆ ಕಳಿಸಿದರು.

ನಾವು ಮೂವರು ಗೇಟಿನಲ್ಲಿ ನಿಂತೆವು. ಕಾರು ಹಿಮ್ಮುಖವಾಗಿ ಹೊರಬಂದು, ಏರಿನಲ್ಲಿ ಗುಡುಗುತ್ತ ಹೋಯಿತು. ಪಕ್ಕದ ಮನೆಯ ಕಿಟಕಿಯ ಪರದೆ ಸರಿಯಿತು. ತಿರುವಿನಲ್ಲಿ ಹಳದಿ ಬಣ್ಣ ಮರೆಯಾದಾಗ ನಾನು ಒಳಗೆ ಹೋಗಲು ತಿರುಗಿದೆ.

"ನಿಲ್ಲಿ," ಅಂದರು ದಿನಕರಣ್ಣ. "ಸಿಗ್ನಲ್‌ನಲ್ಲಿ ಉಂಟು."

ಕಾದೆವು. ಸುಮತಿಯಕ್ಕ ಸ್ವೆಟರಿನ ತೋಳಿಗೆ ಕೈ ಒರೆಸಿಕೊಳ್ಳುತ್ತಿದ್ದರು.

"ಈಗ ಬಿಟ್ಟ. ಫಸ್ಟು... ಸೆಕೆಂಡು. ಪಾಪ, ಕ್ಲಚ್ಚು ಮೆತ್ತಗೆ ಬಿಡ್ತಾನೆ, ಒಳ್ಳೆಯವ."

ಒಂದು ಬಸ್ಸು ಹಾದುಹೋಯಿತು. ಆಮೇಲೆ ಬೀದಿ ಸುಮ್ಮನಾಯಿತು.

"ಹೋಯ್ತಾ?" ಸುಮತಿಯಕ್ಕ ಮೆಲ್ಲಗೆ ಕೇಳಿದರು.

"ಇಲ್ಲ. ಇನ್ನೂ ಕೇಳ್ತಾ ಉಂಟು."

ನನಗೇನೂ ಕೇಳಿಸುತ್ತಿರಲಿಲ್ಲ. ಸುಮತಿಯಕ್ಕನಿಗೂ ಕೇಳಿಸುತ್ತಿರಲಿಲ್ಲ ಎಂದು ಅವರ ಮುಖ ನೋಡಿ ತಿಳಿದೆ. ಇಬ್ಬರೂ ಹಾಗೆಂದು ಹೇಳಲಿಲ್ಲ. ದಿನಕರಣ್ಣ ತಾವಾಗಿ ಮನೆಯ ಕಡೆ ತಿರುಗುವವರೆಗೆ ಅಲ್ಲೇ ನಿಂತಿದ್ದೆವು.