ಆಂಟಿ ಎದ್ದು ಬಂದ ಮೆಷಿನ್

ಮೊನ್ನೆ ಬಾಡಿಗೆ ಕಾರಿನ ಬಾಗಿಲು ತೆರೆದಾಗ ಹಳೆಯ ಸಿಗರೇಟು ಹೊಗೆಯ ವಾಸನೆ, ಅದನ್ನು ಮುಚ್ಚಲು ಹೊಡೆದ ನಿಂಬೆ ಸ್ಪ್ರೇಯ ವಾಸನೆ, ಎರಡೂ ಒಟ್ಟಿಗೆ ಮುಖಕ್ಕೆ ಬಡಿದವು. ಆ ಕ್ಯಾಸಿನೋದ ಗಾಳಿಯೂ ಹೀಗೇ ಇತ್ತು. ಆಂಟಿ ನೆನಪಾದರು...

ಟೆಕ್ಸಸ್‌ನ ಯೂಲೆಸ್‌ನಲ್ಲಿ ಅವರು ನಮ್ಮ ಪಕ್ಕದ ಮನೆಯವರು. ಅಂಕಲ್ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಹೈವೇಯಲ್ಲಿ ಡ್ರೈವ್ ಮಾಡಲು ಭಯ. ಆದರೆ ನದಿ ದಾಟಿ ಪಕ್ಕದ ರಾಜ್ಯ ಓಕ್ಲಹೋಮಾದ ಕ್ಯಾಸಿನೋಗೆ ಹೋಗುವುದೆಂದರೆ ಎಲ್ಲಿಲ್ಲದ ಹುಮ್ಮಸ್ಸು. ಶನಿವಾರ ಬಂತೆಂದರೆ ಸಾರಥಿ ನಾನೇ. ವಾರವಿಡೀ ಸಾಫ್ಟ್‌ವೇರ್ ಟೆಸ್ಟ್ ಮಾಡಿ ಸುಸ್ತಾದವಳಿಗೆ ಅಲ್ಲಿಯ ಬಫೆಯ ಮುಂದೆ ಸುಮ್ಮನೆ ಕೂರುವುದೂ ಒಂದು ರಜೆಯೇ ಆಗಿತ್ತು.

ದುಡ್ಡು ಹಾಕಿ ಗುಂಡಿ ಒತ್ತಿ ಅದೃಷ್ಟ ನೋಡುವ ಸ್ಲಾಟ್ ಮೆಷಿನ್‌ಗಳ ಬಗ್ಗೆ ಆಂಟಿಯ ಶಾಸ್ತ್ರವೇ ಬೇರೆ. ಬಹಳ ಹೊತ್ತು ದುಡ್ಡು ಕೊಡದ ಮೆಷಿನ್ ಇನ್ನೇನು ಕೊಟ್ಟೇ ಬಿಡುತ್ತದೆ. ಈಗಷ್ಟೇ ಕೊಟ್ಟದ್ದರ ಹತ್ತಿರ ಸುಳಿಯಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ನಾವು ಆಡಿ ಹದಕ್ಕೆ ತಂದ ಮೆಷಿನ್ ಬಿಟ್ಟು ಏಳಬಾರದು, ಎದ್ದರೆ ನಮ್ಮದು ಮುಂದಿನವರ ಪಾಲು. ಬಾತ್‌ರೂಮಿಗೆ ಹೋಗುವಾಗ, ಊರ ಬಸ್ಸಿನಲ್ಲಿ ಸೀಟು ಹಿಡಿಯುವಂತೆ, ಕುರ್ಚಿಯ ಮೇಲೆ ಕರ್ಚೀಫ್ ಹಾಕಿ ಹೋಗುತ್ತಿದ್ದರು. ದೊಡ್ಡ ಟೋಪಿಯ ಟೆಕ್ಸಸ್ ಗಂಡಸರೂ ಅದನ್ನು ಕಂಡು ಪಕ್ಕಕ್ಕೆ ಸರಿಯುತ್ತಿದ್ದರು.

ಒಂದು ಶನಿವಾರ ಮಧ್ಯಾಹ್ನ ಅವರ ಫೋನ್ ಬಡಿದುಕೊಂಡಿತು. ಆಸ್ಟಿನ್‌ನಲ್ಲಿದ್ದ ಮಗಳು. ಮದುವೆಯ ವಿಷಯಕ್ಕೆ ಜಗಳವಾಡಿ ಮನೆ ಬಿಟ್ಟ ಮೇಲೆ ಅವಳು ತಾನಾಗಿ ಮಾಡಿದ ಮೊದಲ ಕರೆ ಅದು. ಗದ್ದಲದಲ್ಲಿ ಕೇಳಿಸದೆ ಆಂಟಿ ಎದ್ದು ಹೊರಗೆ ಓಡಿದರು, ಕರ್ಚೀಫ್ ಹಾಕುವುದನ್ನೂ ಮರೆತು. ವಾಪಸ್ ಬರುವಷ್ಟರಲ್ಲಿ ಆ ಕುರ್ಚಿಯಲ್ಲಿ ಬೇರೆ ಯಾರೋ ಹೆಂಗಸು ಕೂತಿದ್ದಳು. ಮೆಷಿನ್ ದೀಪ ಮಿನುಗಿಸುತ್ತಾ ಹಾಡುತ್ತಿತ್ತು... ಜ್ಯಾಕ್‌ಪಾಟ್.

ಮನೆಗೆ ಬರುವ ದಾರಿಯುದ್ದಕ್ಕೂ ನಾನು ಬಿಡಿಸಿ ಹೇಳಿದೆ. ಗುಂಡಿ ಒತ್ತಿದ ಕ್ಷಣಕ್ಕೇ ಫಲ ತೀರ್ಮಾನವಾಗುತ್ತದೆ, ಹಿಂದೆ ಆಡಿದ್ದು ಮೆಷಿನ್‌ಗೆ ನೆನಪಿರುವುದಿಲ್ಲ, ಅಲ್ಲೇ ಕೂತಿದ್ದರೂ ನಿಮ್ಮ ಬೆರಳು ಬೇರೆ ಕ್ಷಣದಲ್ಲಿ ಒತ್ತಿರುತ್ತಿತ್ತು, ಬೇರೇನೋ ಬಂದಿರುತ್ತಿತ್ತು ಎಂದೆ. ಆಂಟಿ ಕಿಟಕಿಯಾಚೆ ನೋಡುತ್ತಾ ಕೇಳಿಸಿಕೊಂಡರು.

"ನಿನ್ನ ಕಂಪ್ಯೂಟರ್ ವಿದ್ಯೆ ನಂಗ್ಯಾಕೆ ಕಣೇ? ಅವಳು ಫೋನ್ ಮಾಡಿದ್ಲು, ನಂದು ಹೋಯ್ತು," ಎಂದರು.

ಅದನ್ನೇ ಮಗಳಿಗೂ ಹೇಳಿದರು. ಒಮ್ಮೆಯಲ್ಲ, ಅವಳು ಕರೆ ಮಾಡಿದಾಗೆಲ್ಲ, ಅರ್ಧ ನಗುತ್ತಾ, ಅರ್ಧ ಚುಚ್ಚುತ್ತಾ. ಕರೆಗಳು ಕಡಿಮೆಯಾದವು... ಆಮೇಲೆ ನಿಂತೇ ಹೋದವು. ಆಂಟಿ ಶನಿವಾರ ಮಾತ್ರ ತಪ್ಪಿಸಲಿಲ್ಲ. ನನಗೆ ಅವರ ಮೇಲೆ ಸಿಟ್ಟೂ ಬರುತ್ತಿತ್ತು, ಪಾಪ ಅಂತಲೂ ಅನಿಸುತ್ತಿತ್ತು. ಕೊನೆಕೊನೆಗೆ ಎರಡಕ್ಕೂ ತ್ರಾಣ ಉಳಿಯಲಿಲ್ಲ.

ಈ ಚಳಿಗಾಲದಲ್ಲಿ ಆಂಟಿ ಹೋಗಿಬಿಟ್ಟರು. ನಿನ್ನೆ ಮನೆ ಖಾಲಿ ಮಾಡಲು ಮಗಳು ಬಂದಿದ್ದಳು. ಇಲ್ಲೇ ಬೆಳೆದ ಹುಡುಗಿ, ನನ್ನ ಜೊತೆ ಯಾವಾಗಲೂ ಇಂಗ್ಲಿಷೇ. ನಿನ್ನೆ ಮಾತ್ರ ತಡವರಿಸುತ್ತಾ ಕನ್ನಡದಲ್ಲಿ ಕೇಳಿದಳು: "ಅಕ್ಕಾ, ಅವತ್ತು ನಾನು ಕಾಲ್ ಮಾಡ್ದೇ ಇದ್ದಿದ್ರೆ ಅಮ್ಮಂಗೆ ಬರ್ತಿತ್ತಾ?"

ಖಂಡಿತ ಇಲ್ಲ ಎಂದೆ. ಅಂದು ಕಾರಿನಲ್ಲಿ ಹೇಳಿದ್ದನ್ನೆಲ್ಲ ಮತ್ತೆ ಹೇಳಿದೆ. ಅವಳ ಮುಖದ ಬಿಗಿ ಸಡಿಲಾಯಿತು. ಆಮೇಲೆ ಕೇಳಿದಳು, "ಅಮ್ಮಂಗೆ ಇದು ಗೊತ್ತಿತ್ತಾ?"

ಹೇಳಿದ್ದೆ, ಎಂದೆ. ಆಂಟಿ ಯಾಕೆ ನಂಬಲಿಲ್ಲ ಎಂದು ಹೇಳಬಲ್ಲವರು ಈಗ ಇಲ್ಲ.