ಮಹಡಿ ಹತ್ತದ ತಣ್ಣೀರು

ಶಿರಾದ ಶಾದಿ ಮಹಲಿಗೆ ಎಸಿ ಕೂರಿಸುವ ಕೆಲಸ ಸಿಕ್ಕಾಗ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಅಲ್ಲಿ ಯಂತ್ರ ತಣ್ಣಗಾಗಿಸಿದ ನೀರು ಪೈಪುಗಳಲ್ಲಿ ಕಟ್ಟಡವೆಲ್ಲ ಸುತ್ತುತ್ತದೆ. ಯಾವ ಹಾಲಿಗೆ ಎಷ್ಟು ನೀರು ಹೋಗಬೇಕೆಂದು ಹದ ಮಾಡುವುದು ಬ್ಯಾಲೆನ್ಸಿಂಗ್ ವಾಲ್ವ್. ಅದನ್ನು ಆರಿಸಲು ಲೆಕ್ಕವಿದೆ. ನಾನು ಲೆಕ್ಕ ಮಾಡಲಿಲ್ಲ. ಎರಡಿಂಚಿನ ಪೈಪು, ಎರಡಿಂಚಿನ ವಾಲ್ವ್ ಎಂದು ತರಿಸಿಬಿಟ್ಟೆ. ಪೈಪಿಗಿಂತ ಸಣ್ಣದನ್ನು ಹಾಕಿದವನನ್ನು ನಮ್ಮ ಕಡೆ ಕಳ್ಳ ಅನ್ನುತ್ತಾರೆ, ನನಗೆ ಆ ಭಯ.

ಮಾಲೀಕರು ಮಂಡಿ ವ್ಯಾಪಾರಿ. ಮಗಳ ನಿಕಾಹ್‌ನಿಂದಲೇ ಮಹಲ್ ಶುರು ಎಂದು ಊರೆಲ್ಲ ಸಾರಿದ್ದರು. ಹತ್ತು ದಿನ ಮುಂಚೆ ಯಂತ್ರ ಚಾಲೂ ಮಾಡಿದೆವು. ಕೆಳಗಿನ ಊಟದ ಹಾಲಿನಲ್ಲಿ ಹಲ್ಲು ಕಟಕಟ; ಪೈಪಿನ ತುದಿಯಲ್ಲಿದ್ದ ಮಹಡಿಯ ಹೆಂಗಸರ ಹಾಲಿನಲ್ಲಿ ಹಪ್ಪಳ ಒಣಗಿಸಬಹುದಿತ್ತು. ಮಾಲೀಕರ ತಾಯಿ ಅಲ್ಲಿ ಐದು ನಿಮಿಷ ಕೂತು ಬೆವರು ಒರೆಸಿಕೊಂಡರು.

"ಇಂಜಿನಿಯರ್ ಸಾಬ್, ನಿಕಾಹ್ ದಿನಾನೂ ಹಿಂಗೇ ಇದ್ರೆ ಎಲ್ಲಾ ಹೆಂಗಸರ್ನೂ ಕರ್ಕೊಂಡು ಕೆಳಗೆ ಬಂದು ಗಂಡಸರ ಮಧ್ಯೆ ಕೂತ್ಬಿಡ್ತೀನಿ. ಖಾಜಿ ಸಾಬ್‌ಗೆ ನೀವೇ ಜವಾಬು ಕೊಡಿ."

ಮಗ ಬಿಳಿಚಿಕೊಂಡರು. ನಾನೂ.

ಕೆಳಗಿನ ವಾಲ್ವ್ ಬಿಗಿ ಮಾಡಲು ಹೊರಟೆ. ಮುಕ್ಕಾಲು ಮುಚ್ಚುವ ತನಕ ಏನೂ ಆಗಲಿಲ್ಲ. ಇನ್ನೊಂದು ಚೂರು ತಿರುಗಿಸಿದರೆ ಊಟದ ಹಾಲಿಗೆ ನೀರೇ ಬಂದ್. ಮೂರು ದಿನ ಇದೇ ಮಂಗನಾಟ.

ನಮ್ಮಪ್ಪ ದೊಡ್ಡೇರಿ ಪಕ್ಕದ ಹಳ್ಳಿಯಲ್ಲಿ ನೀರುಗಂಟಿ, ಬೀದಿಬೀದಿಗೆ ನೀರು ಬಿಡುವವನು. ನನ್ನ ವಿಸಿಟಿಂಗ್ ಕಾರ್ಡಿನಲ್ಲಿ 'ಕನ್ಸಲ್ಟೆಂಟ್' ಎಂದಿತ್ತು. ಅಪ್ಪ ಏನು ಮಾಡುತ್ತಾರೆ ಎಂದು ಯಾರಾದರೂ ಕೇಳಿದರೆ 'ಪಂಚಾಯ್ತಿ ಆಫೀಸು' ಎಂದು ಮಾತು ತೇಲಿಸುತ್ತಿದ್ದೆ. ಅವನ ಕೆಲಸ ಹೇಳಲು ನಾಚಿಕೆಯಾಗುತ್ತಿತ್ತು. ಬೇರೆ ದಾರಿ ಕಾಣದೆ ಅವನನ್ನೇ ಕರೆಸಿದೆ.

ಅಪ್ಪ ಚಪ್ಪಲಿ ಹೊರಗೆ ಬಿಟ್ಟು ಬಂದು, ಊಟದ ಹಾಲಿನ ಪೈಪು ಮುಟ್ಟಿ ನೋಡಿದ.

"ಲೇ, ಟ್ಯಾಂಕಿ ಪಕ್ಕದ ಮನೆಯೋರ್ಗೆ ಇಷ್ಟಗಲ ಬಾಯಿ ಕೊಟ್ಬುಟ್ಟು, ಕೊನೆ ಮನೆಗೆ ನೀರಿಲ್ಲ ಅಂತ ಅಳ್ತೀಯೇನ್ಲಾ? ಇಲ್ಲಿಗೆ ಸಣ್ಣದಾಕು, ಎಷ್ಟು ಬೇಕೋ ಅಷ್ಟು."

"ಸಣ್ಣದಾಕಿದ್ರೆ ಜನ ಬೈತಾರಪ್ಪ."

"ಬೈತಾರೆ. ನಂಗೆ ಮೂವತ್ತು ವರ್ಸದಿಂದ ಬೈತವ್ರೆ ಕಣ್ಲಾ."

ಆಮೇಲೆ ಕೂತು ಲೆಕ್ಕ ಮಾಡಿದೆ. ಊಟದ ಹಾಲಿಗೆ ಒಂದೂಕಾಲು ಇಂಚಿನ ವಾಲ್ವ್ ಧಾರಾಳವಾಗಿ ಸಾಕಿತ್ತು. ತುಮಕೂರಿನಿಂದ ತರಿಸಿ ಹಾಕಿದೆ. ಈಗ ಒಂದೊಂದು ಸುತ್ತಿಗೂ ನೀರು ಹೇಳಿದ ಮಾತು ಕೇಳಿತು, ಮಹಡಿಯೂ ತಣ್ಣಗಾಯಿತು. ಅಪ್ಪ ಮಾತ್ರ ಊರಿನ ಅಭ್ಯಾಸ ಬಿಡಲಿಲ್ಲ. ಬೇರೆ ಯಾರೂ ತಿರುಗಿಸದಿರಲೆಂದು ವಾಲ್ವ್‌ಗಳ ಹಿಡಿಗಳನ್ನೆಲ್ಲ ಬಿಚ್ಚಿ, ಪಟ್ಟಾಪಟ್ಟಿ ಚಡ್ಡಿಯ ಜೇಬಿಗೆ ಇಳಿಸಿ, ಮಧುಗಿರಿ ಬಸ್ ಹತ್ತಿಬಿಟ್ಟ.

ನಿಕಾಹ್ ದಿನ ಬಿರಿಯಾನಿಯ ಹಬೆ ಏರುತ್ತಲೇ ಊಟದ ಹಾಲಿನ ಗಂಡಸರು ಸೆಕೆ ಸೆಕೆ ಎಂದರು. ಮಾಲೀಕರು ಓಡಿ ಬಂದರು.

"ಅರೆ ಸಾಬ್, ಕೆಳಗಿನ ವಾಲ್ವ್ ಪೂರಾ ಖೋಲ್ ದೋ, ತೆಗೀರಿ! ಹಿಡಿ ಎಲ್ಲಿ?"

"ನಮ್ಮಪ್ಪನ ಚಡ್ಡಿ ಜೇಬಲ್ಲಿ."

"ಯಾರು ನಿಮ್ಮಪ್ಪ?"

"ನೀರುಗಂಟಿ," ಎಂದೆ. ಅಷ್ಟು ಗಟ್ಟಿಯಾಗಿ ಆ ಮಾತನ್ನು ನಾನು ಯಾವತ್ತೂ ಹೇಳಿರಲಿಲ್ಲ.

ಮೆಟ್ಟಿಲ ತುದಿಯಲ್ಲಿ ನಿಂತು ಕೇಳಿಸಿಕೊಂಡ ಮಾಲೀಕರ ತಾಯಿ ಅಲ್ಲಿಂದಲೇ ಕೂಗಿದರು: "ಬೇಟಾ, ಮೇಲೆ ಚಳಿ ಆಗ್ತಿದೆ, ನನ್ನ ಶಾಲು ಕಳಿಸು. ಆ ಹಿಡಿ ಅವರಪ್ಪನ ಹತ್ರಾನೇ ಇರ್ಲಿ."