ಮಕ್ತಲದ ಬಿಸಿಲು

ನಿಜಾಮರ ಕಾಲದಲ್ಲಿ ಬಿಸಿಲು ಅಳೆಯುವುದು ನನ್ನ ನೌಕರಿ. ನಾರಾಯಣಪೇಟೆ, ಗದ್ವಾಲ, ಮಕ್ತಲ್ ಮೂರೂ ಕಡೆ ಮಾಳಿಗೆಯ ಮೇಲೆ ಕಟ್ಟೆ ಕಟ್ಟಿ ಗಾಜಿನ ಗುಂಡು ಇಟ್ಟಿದ್ದೆ. ಬಿಸಿಲಿದ್ದಷ್ಟು ಹೊತ್ತು ಗುಂಡು ತನ್ನ ಕೆಳಗಿನ ಕಾಗದವನ್ನು ಗೆರೆಯಾಗಿ ಸುಡುತ್ತದೆ. ಮಕ್ತಲದ ಗೆರೆ ಮಾತ್ರ ನಡುನಡುವೆ ಕಡಿದುಹೋಗುತ್ತಿತ್ತು.

"ಅಲ್ಲಿ ಬಿಸಿಲೇ ಕಡಿಮೆ, ಗುಂಡು ಕಿತ್ತು ತನ್ನಿ" ಎಂದರು ಸಾಹೇಬರು.

ಮಕ್ತಲದಲ್ಲಿ ಬಿಸಿಲು ಕಡಿಮೆ! ನಾನು ಹುಟ್ಟಿದ ಊರು ಅದು. ಸಿಟ್ಟಿನಿಂದಲೇ ಮಾಳಿಗೆ ಹತ್ತಿದೆ.

ಗುಂಡಿನ ಮೇಲೆ ವಿಭೂತಿಯ ಮೂರು ದಪ್ಪ ಪಟ್ಟೆ. ಪಕ್ಕದಲ್ಲಿ ಕೈ ಮುಗಿದು ನಿಂತ ಆ ಮನೆಯ ಒಡತಿ ಮುದುಕಿ.

"ಏನವ್ವಾ ಇದು?"

"ಲಿಂಗಪ್ಪನ್ನ ಬೋಳು ಹಣೀಲೆ ಬಿಡಾಕ ಬರ್ತೈತೇನಪಾ? ದಿನಾ ನಾನ ಹಚ್ತೀನಿ."

"ಇದು ಸರ್ಕಾರದ್ದು."

"ಆಗಲಿ. ಸರ್ಕಾರಕ್ಕ ದೇವರು ಬ್ಯಾಡೇನು?"

ವಾದಿಸಲಿಲ್ಲ. "ಸೂರ್ಯಪ್ಪಗ ಇವನ ಮಾರಿ ಕಾಣಬೇಕಲ್ಲವ್ವಾ. ವಿಭೂತಿ ಕೆಳಗಿನ ಕಟ್ಟೀಗೆ ಹಚ್ಚು."

"ಅದೂ ಖರೇನ" ಎಂದು ಸೆರಗಿನಿಂದ ತಾನೇ ಒರೆಸಿದಳು.

ಮರುದಿನದ ಗೆರೆ ಎಲ್ಲೂ ಕಡಿಯಲಿಲ್ಲ. ಗದ್ವಾಲದ್ದಕ್ಕಿಂತ ಒಂದು ಬೆರಳು ಉದ್ದವೇ ಇತ್ತು. ಸಾಹೇಬರ ಮೇಜಿನ ಮೇಲೆ ಎರಡನ್ನೂ ಜೋಡಿಸಿಟ್ಟೆ. ಗುಂಡು ಮಕ್ತಲದಲ್ಲೇ ಉಳಿಯಿತು.

ಮುಂದೆ ತಪಾಸಣೆಗೆ ಬಂದ ಸಾಹೇಬರು ಬೆಳ್ಳಗಿದ್ದ ಕಟ್ಟೆ ನೋಡಿ, "ಭೇಷ್, ಸುಣ್ಣ ಬಳಿಸಿದ್ದೀರಿ" ಎಂದರು.

ಹೌದು ಎಂದೆ.